ತಮಗೆ ಆದರದ ಸ್ವಾಗತ

ಗಣೇಶನನ್ನು ನೀರಿಗೆ ಬಿಟ್ಟು ದಸರಾ ಕಡೆಗೆ ಮುಖ ಮಾಡುತ್ತಿದ್ದಂತೆ ನನ್ನಂಥ ನಿವೃತ್ತ ಮೇಷ್ಟ್ರುಗಳಿಗೆ ಆಹ್ವಾನ ಪತ್ರಿಕೆಗಳ ಸುಗ್ಗಿ. ವಿಚಾರ ಸಂಕಿರಣ, ದತ್ತಿ ಉಪನ್ಯಾಸ, ಪುಸ್ತಕ ಬಿಡುಗಡೆ, ಅದರ ಬೆನ್ನಿಗೇ ರಾಜ್ಯೋತ್ಸವ. ಈಗ ಎಲ್ಲವೂ ವಾಟ್ಸಾಪಿನಲ್ಲೇ ಬರುತ್ತವೆ. ನಮ್ಮ ಮನೆಯಾಕೆ ಕೇಳುವುದು ಒಂದೇ: "ಊಟ ಇದೆಯಂತಾ, ಬರೀ ಕಾಫೀನಾ?"

ರಾಜ್ಯದ ಯಾವ ವಿಶ್ವವಿದ್ಯಾನಿಲಯದ ಪತ್ರಿಕೆಯಾದರೂ ಅಚ್ಚು ಒಂದೇ. ಉದ್ಘಾಟನೆ, ಅಧ್ಯಕ್ಷತೆ, ಆಶಯ ನುಡಿ, ಪ್ರಾಸ್ತಾವಿಕ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ. ಇಷ್ಟು ಉಪಸ್ಥಿತಿಗಳು ವೇದಿಕೆಯ ಮೇಲೇ ಕೂತುಬಿಟ್ಟರೆ ಕೆಳಗೆ ಕೂರುವವರು ಯಾರು ಎಂದು ಯಾರೂ ಕೇಳಿಕೊಂಡಂತಿಲ್ಲ. ಕಟ್ಟಕಡೆಗೆ, ಕನ್ನಡಕ ಏರಿಸಿದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ, "ನಂತರ ಸಾಂಸ್ಕೃತಿಕ ಕಾರ್ಯಕ್ರಮ". ಎಷ್ಟು ಗಂಟೆಗೆ? ನಂತರ!

ಆ 'ನಂತರ'ದಲ್ಲಿ ಸಿಕ್ಕಿಕೊಂಡವರು ವಿದ್ಯಾರ್ಥಿಗಳು. ಕಂಸಾಳೆಯ ಹುಡುಗರು ಬೆಳಗ್ಗೆಯೇ ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ನಿಂತಿರುತ್ತಾರೆ. ಮುಖ್ಯ ಅತಿಥಿಗಳು "ಕೊನೆಯದಾಗಿ ಒಂದು ಮಾತು" ಅಂದಾಗಲೆಲ್ಲ ಒಳಗಿನಿಂದ ಕಂಚಿನ ತಾಳ ಆಸೆಯಿಂದ ಝಣ್ ಎನ್ನುತ್ತದೆ. ಅತಿಥಿಗಳು ಅದನ್ನು ಮೆಚ್ಚುಗೆ ಎಂದು ತಿಳಿದು ಇನ್ನೊಂದು ಉದಾಹರಣೆಗೆ ಇಳಿಯುತ್ತಾರೆ. ಡೊಳ್ಳಿನ ತಂಡ ವೇದಿಕೆಗೆ ಬರುವ ಹೊತ್ತಿಗೆ ಗಣ್ಯರು ಕಾರು ಹತ್ತಿರುತ್ತಾರೆ. ಉಳಿದವರು ನಾವು, ಕುರ್ಚಿ ಎಣಿಸುವ ಶಾಮಿಯಾನದವನು, ಹುಡುಗರ ಅಪ್ಪ ಅಮ್ಮಂದಿರು.

ಹಾಗೆಂದು ಹುಡುಗರ ಕುಣಿತಕ್ಕೆ ಜನವಿಲ್ಲ ಎನ್ನಬೇಡಿ. ದಸರಾಕ್ಕೆ ಮುಂಚೆ ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದೆ. ನಾಡಿನ ಮೂಲೆಮೂಲೆಯ ಕಾಲೇಜುಗಳ ತಂಡಗಳು ಸಾಲುಗಟ್ಟಿ ಬರುತ್ತವೆ. ಒಂದು ತಂಡ ರೈತನ ಗೋಳು ಕುಣಿದರೆ ಇನ್ನೊಂದು ಸೈನಿಕನ ಕಥೆ ಕುಣಿಯುತ್ತದೆ. ಪ್ರತಿ ತಂಡಕ್ಕೂ ಇಂತಿಷ್ಟೇ ನಿಮಿಷ. ಸಿಳ್ಳೆಯ ಅಬ್ಬರದಲ್ಲಿ ಯಾವ ಹಾಡೆಂದು ತಿಳಿಯುವುದೇ ಕಷ್ಟ. ಇಂಥಲ್ಲಿ ಉದ್ದುದ್ದ ಭಾಷಣ ಮಾಡಲು ಗುಂಡಿಗೆ ಬೇಕು.

ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಕುವೆಂಪು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಅವರು ಬರೆದ ನಾಡಗೀತೆಯಿಂದಲೇ ನಮ್ಮ ಸಮಾರಂಭಗಳು ಶುರುವಾಗುವುದು. ಯಾವ ಧಾಟಿ, ಎಷ್ಟು ಹೊತ್ತು ಎಂದು ವರ್ಷಗಟ್ಟಲೆ ಜಗ್ಗಾಡಿ, ಕಡೆಗೆ 2022ರಲ್ಲಿ ಸರ್ಕಾರ ಆದೇಶ ಹೊರಡಿಸಿತು: ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು. ಹೀಗೆ ಇಡೀ ಸಮಾರಂಭದಲ್ಲಿ ಸರ್ಕಾರ ಗಡಿಯಾರ ಕಟ್ಟಿದ್ದು ಮಹಾಕವಿಯೊಬ್ಬರಿಗೆ ಮಾತ್ರ. ಅವರು ಎರಡೂವರೆ ನಿಮಿಷಕ್ಕೆ ಮುಗಿಸಿ ಸುಮ್ಮನಾಗುತ್ತಾರೆ. ಆಮೇಲೆ ಮೈಕು ಹಿಡಿಯುವ ನಮ್ಮಂಥವರಿಗೆ ಯಾವ ಲಗಾಮೂ ಇಲ್ಲ.

ಆದ್ದರಿಂದ ಸರ್ಕಾರದಲ್ಲಿ ನನ್ನ ವಿನಯಪೂರ್ವಕ ಅರಿಕೆ: ಮುಂದಿನ ಆದೇಶ ಪ್ರಾಸ್ತಾವಿಕ ನುಡಿಯ ಮೇಲೆ ಬರಲಿ. ಎರಡೂವರೆ ನಿಮಿಷ ಎಂದರೆ ವಿದ್ವಾಂಸರು ನೊಂದುಕೊಳ್ಳುತ್ತಾರೆ, ಐದು ಕೊಡಿ. ವಂದನಾರ್ಪಣೆಗೆ ಒಂದೇ ಸಾಕು.