ಊರು ಬಿಟ್ಟ ಕಲ್ಲುಗಳ ಬಳಗ

ಆಂಧ್ರದ ಗಡಿಯ ಮಡಕಶಿರದಿಂದ ಬೆಂಗಳೂರಿಗೆ ಬಸ್ಸು ಹತ್ತಿದ ಹುಡುಗರು ತಾವೇ ಮೊದಲು ಊರು ಬಿಟ್ಟವರೆಂದು ಬೀಗುತ್ತಾರೆ. ಅವರಿಗಿಂತ ಸಾವಿರ ವರ್ಷ ಮುಂಚೆಯೇ ನಮ್ಮ ಕಂಬಗಳು ಊರು ಬಿಟ್ಟಿವೆ. ಅಮರಾಪುರದ ಪಕ್ಕದ ಹೇಮಾವತಿ ಆಗ ಹೆಂಜೇರು, ನೊಳಂಬರ ರಾಜಧಾನಿ. ಚೋಳರು ದಂಡೆತ್ತಿ ಬಂದವರು ಚಿನ್ನ ಬೆಳ್ಳಿಯ ಜೊತೆಗೆ ಕೆತ್ತನೆಯ ಕಂಬಗಳನ್ನೂ ಹೊತ್ತುಕೊಂಡು ಹೋದರು. ಕಾವೇರಿ ತೀರದ ತಿರುವೈಯಾರಿನ ಗುಡಿಯಲ್ಲಿ ಅವು ಇವತ್ತಿಗೂ ಮಾಡು ಹೊತ್ತು ನಿಂತಿವೆ. ಉಳಿದಿದ್ದರಲ್ಲಿ ಚೆಂದವಾದವನ್ನು ಬ್ರಿಟಿಷರ ಕಾಲದಲ್ಲಿ ಮದ್ರಾಸಿನ ಎಗ್ಮೋರ್ ಮ್ಯೂಸಿಯಮ್ಮಿಗೆ ಸಾಗಿಸಿದರು. ಕಲಾ ಇತಿಹಾಸಕಾರ ಸಿ. ಶಿವರಾಮಮೂರ್ತಿಯವರು 1964ರಲ್ಲಿ ಅವುಗಳ ಮೇಲೇ ಒಂದು ಪುಸ್ತಕ ಬರೆದರು. ಹೀಗೆ ಓದುಬರಹದ ಕಲ್ಲುಗಳೆಲ್ಲ ಪಟ್ಟಣ ಸೇರಿ, ಊರಲ್ಲಿ ಉಳಿದದ್ದು ಮೂಗು ಮುರಿದವು, ಕೈ ಹೋದವು, ಮತ್ತು ನಾವು.

ಆ ಉಳಿದವೇ ನಮ್ಮ ಆರ್ಟ್ ಗ್ಯಾಲರಿ. ಸಿದ್ಧೇಶ್ವರನ ಗುಡಿಯ ಆವರಣದಲ್ಲಿ ಅವನ್ನು ಸಾಲಾಗಿ ನಿಲ್ಲಿಸಿದ್ದಾರೆ. ಎಸಿ ಇಲ್ಲ, ಪಿಂಗಾಣಿ ಲೋಟದಲ್ಲಿ ಕಾಫಿ ಇಲ್ಲ. ಗಾಳಿ ಮಾತ್ರ ಧಾರಾಳ.

ಇದಕ್ಕೊಂದು ಬಳಗ ಕಟ್ಟಬೇಕೆಂಬ ಹುಕಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರಿಗೆ ಹತ್ತಿತು. ಈಗಿನ ಕಾಲದಲ್ಲಿ ಬಳಗವೆಂದರೆ ವಾಟ್ಸಾಪ್ ಗ್ರೂಪು. ಗ್ರೂಪು ಹುಟ್ಟಿದ ದಿನವೇ ಹೆಸರಿನ ಜಗಳವೂ ಹುಟ್ಟಿತು. ‘ಅನಂತಪುರ’ ಎಂದಿಟ್ಟರೆ ಮಡಕಶಿರದವರು ಒಪ್ಪಲಿಲ್ಲ, ಏಕೆಂದರೆ 2022ರಲ್ಲಿ ಜಿಲ್ಲೆ ಒಡೆದು ನಾವು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಗಿದ್ದೆವು. ಅನಂತಪುರದಲ್ಲೇ ಉಳಿದ ರಾಯದುರ್ಗದವರಿಗೆ ಇಂಥದ್ದೆಲ್ಲ ಹಳೇ ಅಭ್ಯಾಸ. 1953ರಲ್ಲಿ ಅವರನ್ನು ಬಳ್ಳಾರಿಯಿಂದ ಕಿತ್ತು ಆಂಧ್ರಕ್ಕೆ ನೆಟ್ಟಾಗಲೇ ಹೆಸರುಗಳ ಮೇಲಿನ ಮೋಹ ಬಿಟ್ಟಿದ್ದಾರೆ. “ಏನಾರ ಇಡ್ರಿ, ಫೋಟೋ ಹಾಕ್ರಿ” ಅಂದರು. ಹೆಸರು ಈಗಲೂ ಆಗಾಗ ಬದಲಾಗುತ್ತಿರುತ್ತದೆ.

ಫೋಟೋಗಳೇನೋ ಬಂದವು. ಗುಲಾಬಿ ಹೂವಿನ ಶುಭೋದಯ, ಮಂಡಿನೋವಿನ ಎಣ್ಣೆ, ಯಾರದೋ ಗೃಹಪ್ರವೇಶದ ಕರೆಯೋಲೆ. ಶಿಲ್ಪದ ಫೋಟೋ ಹಾಕಿದರೆ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ದ್ವಾರಪಾಲಕನಿಗೂ ಕೈಮುಗಿದರು, ಆನೆಗೂ ಮುಗಿದರು, ಮೇಷ್ಟ್ರು ತಪ್ಪಿ ಒತ್ತಿದ ತಮ್ಮ ಚಪ್ಪಲಿಯ ಫೋಟೋಕ್ಕೂ ಮುಗಿದರು. ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ಗೆಳೆಯನೊಬ್ಬನೇ ಕಂಬದ ಬಳ್ಳಿಯನ್ನು ದೊಡ್ಡದು ಮಾಡಿ ಮಾಡಿ ನೋಡಿದವನು. “ಮೇಷ್ಟ್ರೇ, ಪ್ಯಾಂಟಿನ ಹಿಂಜೇಬಿಗೆ ಎಂಬ್ರಾಯ್ಡರಿ ಹಾಕಿದ್ರೆ ಹೆಂಗೆ?” ಎಂದು ಕೇಳಿದ. ನೊಳಂಬರ ಕಲೆ ಸೇರಬೇಕಾದ ಜಾಗ ಅದಲ್ಲವೆಂದು ಮೇಷ್ಟ್ರು ಮುನಿಸಿಕೊಂಡು ಗ್ರೂಪು ಬಿಟ್ಟರು. ಅಡ್ಮಿನ್ ಅವರೇ ಆದ್ದರಿಂದ ಒಂದಷ್ಟು ದಿನ ನಮ್ಮದು ಅರಾಜಕ ರಾಜ್ಯವಾಗಿತ್ತು.

ಬಳಗ ನಿಜವಾಗಿ ಕೂಡಿದ್ದು ಶಿವರಾತ್ರಿಗೆ. ಹೇಮಾವತಿಯ ಸಿದ್ಧೇಶ್ವರ ಲಿಂಗವಲ್ಲ, ಮನುಷ್ಯನಂತೆ ಕೂತ ಮೂರ್ತಿ. ಜಾತ್ರೆಗೆ ಗಡಿಯಾಚೆಯ ಶಿರಾ, ಪಾವಗಡದ ಕಡೆಯವರೂ ಬರುತ್ತಾರೆ. ಮೇಷ್ಟ್ರು ರಾಜಿಯಾಗಿದ್ದರು. ರಾಯದುರ್ಗದವನು ಕಲ್ಯಾಣದುರ್ಗದ ಮೇಲೆ ಬಸ್ಸು ಬದಲಿಸುತ್ತ ಬಂದಿದ್ದ, ಜೇಬಿನ ಸ್ಯಾಂಪಲ್ಲನ್ನೂ ತಂದಿದ್ದ. ಕತ್ತಲಾದ ಮೇಲೆ ಮೇಷ್ಟ್ರು ಅಲ್ಲೇ ಇರುವ ದೊಡ್ಡೇಶ್ವರನ ಗುಡಿಯ ಜಾಲಂಧ್ರದ, ಅಂದರೆ ಕಲ್ಲಿನ ಜಾಲರಿ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಮೊಬೈಲಿನ ಟಾರ್ಚನ್ನು ಎದುರಿಗೆ ಹಿಡಿಯದೆ ಗೋಡೆಗೆ ಒರಗಿಸಿ ಪಕ್ಕದಿಂದ ಹಾಯಿಸಿದರು. ಹಗಲಲ್ಲಿ ಬರೀ ತೂತುಕಲ್ಲಿನಂತಿದ್ದದ್ದು ಎದ್ದು ಕೂತಿತು. ಬಳ್ಳಿ ಸುತ್ತಿ ಸುರುಳಿಯಾಗಿ, ಸುರುಳಿಯ ಹೊಟ್ಟೆಯೊಳಗೆ ಒಬ್ಬೊಬ್ಬ ದೇವತೆ, ಎಲೆಯ ಅಂಚು ಮಡಿಚಿದ ಕಡೆ ನೆರಳು. ಉಳಿ ಎಲ್ಲಿ ತಿರುಗಿತೆಂದು ಬೆರಳಿಟ್ಟು ತೋರಿಸಬಹುದಿತ್ತು. ಜಾಗರಣೆಗೆ ಬಂದ ಜನ ಒಬ್ಬೊಬ್ಬರಾಗಿ ಹಿಂದೆ ನಿಂತರು. “ಇತ್ಲಾಗ್ ಬಿಡಪ್ಪ ಲೈಟು” ಎಂದು ತಾವೇ ಹೇಳಿಕೊಟ್ಟರು. ತೆಲುಗಿನಲ್ಲಿ ಒಂದು ಪ್ರಶ್ನೆ, ಕನ್ನಡದಲ್ಲಿ ಉತ್ತರ, ಮಧ್ಯೆ ಕಡ್ಲೆಕಾಯಿ. ಉಪವಾಸಕ್ಕೆ ಕಡ್ಲೆಕಾಯಿ ನಡೆಯುತ್ತದೆಯೇ ಎಂಬ ಚರ್ಚೆಯಲ್ಲಿ ಕಡ್ಲೆಕಾಯಿ ಮುಗಿಯಿತು.

ಆವರಣದ ಮುರುಕು ಶಿಲ್ಪಗಳ ಸಾಲಿನ ಕೊನೆಯಲ್ಲಿ ಒಬ್ಬ ಅಜ್ಜಿ ಮೂಗಿಲ್ಲದ ದೇವಿಗೆ ಕುಂಕುಮ ಹಚ್ಚುತ್ತಿದ್ದಳು. ಮೇಷ್ಟ್ರು, “ಅಮ್ಮಾ, ಇದು ಪೂಜೆದಲ್ಲ, ನೋಡೋಕಿಟ್ಟಿರೋದು” ಎಂದರು.

“ನೋಡೋರು ಯಾರು ಬತ್ತಾರೆ? ಪಾಪ, ಬಿಸ್ಲಲ್ಲಿ ಒಬ್ಳೇ ನಿಂತವ್ಳೆ. ಯಾರಾರ ಮಾತಾಡ್ಸಬ್ಯಾಡ್ವಾ?”

ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಫೋನು ಮಿಣುಕಿತು. ಚೆನ್ನೈಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮೂರ ಹುಡುಗ ಹಗಲು ಎಗ್ಮೋರಿಗೆ ಹೋಗಿ ತೆಗೆದ ಹೇಮಾವತಿಯ ಶಿಲ್ಪಗಳ ಫೋಟೋಗಳನ್ನು ಗ್ರೂಪಿಗೆ ಹಾಕಿದ್ದ. ಮೇಷ್ಟ್ರು ಪರದೆಯನ್ನು ಅಜ್ಜಿಯ ಮುಖದ ಹತ್ತಿರ ಹಿಡಿದರು. ಅವಳು ತುಂಬ ಹೊತ್ತು ನೋಡಿ, “ಅಲ್ಲಿ ಇವ್ರಿಗೆ ಕುಂಕುಮ ಯಾರು ಇಡ್ತಾರೆ, ಕೇಳಪ್ಪ” ಎಂದಳು.

ಮೇಷ್ಟ್ರು ಟೈಪು ಮಾಡಿದರು. ಮೂರು ಜನ ಕೈಮುಗಿದರು, ಒಬ್ಬರು ಶುಭರಾತ್ರಿಯ ಚಂದ್ರನನ್ನು ಕಳಿಸಿದರು. ಆಮೇಲೆ ಹುಡುಗನ ಉತ್ತರ ಬಂತು: “ಇಲ್ಲಿ ಮುಟ್ಟಂಗಿಲ್ಲ. ಮುಟ್ಟಿದ್ರೆ ಫೈನ್ ಹಾಕ್ತಾರೇನೋ.”

ಅಜ್ಜಿ ಸೊಂಟದ ಎಲೆಅಡಿಕೆ ಚೀಲದ ದಾರ ಸಡಿಲಿಸುತ್ತ ಕೇಳಿದಳು, “ಎಷ್ಟಂತೆ?”