ಗಂಟೆ ಭಟ್ಟರು

ಮೆಲ್ಬರ್ನ್‌ನ ಕ್ಲೇಟನ್ ಕಡೆ ನಾಲ್ಕೈದು ಕನ್ನಡದ ಹುಡುಗರು ಸೇರಿ ಬಾಡಿಗೆಗೆ ಹಿಡಿದ ಮನೆಯಿದ್ದರೆ, ಅಲ್ಲೊಬ್ಬ ಗಂಟೆ ಭಟ್ಟರು ಇದ್ದೇ ಇರುತ್ತಾರೆ. ಜಾತಿ ಯಾವುದಾದರೂ ನಡೆದೀತು. ಎಲ್ಲರಿಗಿಂತ ಒಂದು ಸೆಮಿಸ್ಟರ್ ಮೊದಲು ಬಂದಿರಬೇಕು, 8105 ಎಂಬ ವೀಸಾ ಷರತ್ತು ಬಾಯಿಪಾಠವಾಗಿರಬೇಕು.

ಷರತ್ತು ಕೇಳಲು ಸಲೀಸು: ತರಗತಿ ನಡೆಯುವಾಗ ಹದಿನಾಲ್ಕು ದಿನಕ್ಕೆ 48 ಗಂಟೆ ಮೀರಿ ದುಡಿಯಬಾರದು. ತೊಡಕಿರುವುದು ಆ ಹದಿನಾಲ್ಕು ದಿನ ಎಲ್ಲಿಂದ ಶುರು ಎನ್ನುವುದರಲ್ಲಿ. ನಮ್ಮ ಪಂಚಾಂಗದಲ್ಲಿ ತಿಂಗಳಿಗೆ ಎರಡೇ ಪಕ್ಷ. ಭಟ್ಟರ ಪಂಚಾಂಗದಲ್ಲಿ ಪ್ರತಿ ಸೋಮವಾರವೂ ಹೊಸದೊಂದು ಪಕ್ಷ ಹುಟ್ಟುತ್ತದೆ, ಹಳೆಯದು ಮುಗಿಯುವ ಮೊದಲೇ. ಹಾಗಾಗಿ ಫ್ರಿಜ್ ಬಾಗಿಲ ಮೇಲೆ ಮನೆಮಂದಿಯ ರೋಸ್ಟರೆಲ್ಲ ಅಂಟಿದೆ.

"ಅಣ್ಣ, ಬರೋ ವಾರ ಮೂವತ್ತು ಗಂಟೆ ಶಿಫ್ಟ್ ಕೊಟ್ಟಿದ್ದಾರೆ. ಹೋಗ್ಲಾ?"

"ಈ ವಾರ ಎಷ್ಟಾಯ್ತು?"

"ಹದಿನೆಂಟು."

"ಧಾರಾಳವಾಗಿ ಹೋಗು. ಅದರ ಮುಂದಿನ ವಾರ?"

"ಇಪ್ಪತ್ತು."

"ಎರಡು ಗಂಟೆ ಬಿಡಿಸ್ಕೋ. ಐವತ್ತಾಗತ್ತೆ."

"ಆ ಎರಡು ಗಂಟೆಗೆ ಕ್ಯಾಶ್ ಕೊಡ್ತೀನಿ ಅಂತಿದಾನೆ ಓನರ್ರು."

"ಕ್ಯಾಶ್ ಕೊಟ್ರೆ ಗಂಟೆ ಕರಗಿಹೋಗಲ್ಲ ಕಣೋ!"

ಇಲ್ಲಿ ಭಟ್ಟರು ನಿಜಕ್ಕೂ ಕೆರಳುತ್ತಾರೆ. ವೀಸಾ ತೋರಿಸಿ ಹೆದರಿಸಿ, ಷರತ್ತು ಮುರಿಸಿ ದುಡಿಸುವ ಮಾಲೀಕ 2024ರ ಜುಲೈ 1ರಿಂದ ಅಪರಾಧಿ ಎಂದು ಬೆರಳೆತ್ತಿ ಹೇಳುತ್ತಾರೆ. ಹೇಳಬೇಕಾದ್ದೇ. ಆದರೆ ಆ ಬೆರಳು ಬೇಗ ಇಳಿಯುವುದಿಲ್ಲ. 2022ರ ಜನವರಿಯಿಂದ 2023ರ ಜೂನ್‌ವರೆಗೆ ಗಂಟೆಗೆ ಮಿತಿಯೇ ಇರಲಿಲ್ಲ ಎಂಬ ವೈಭವದ ವರ್ಣನೆಗೆ ಹೊರಳುತ್ತದೆ. ಸ್ವತಃ ಬಂದಿಳಿದದ್ದು 2024ರಲ್ಲಿ. ವರ್ಣನೆಗೆ ಅದೇನೂ ಅಡ್ಡಿಯಾಗಿಲ್ಲ.

ಮಹಡಿಯ ಕೋಣೆಯಲ್ಲಿ ಪಿಎಚ್‌.ಡಿ. ಮಾಡುವವನೊಬ್ಬನಿದ್ದಾನೆ. ಅವನಿಗೆ ಈಗಲೂ ಮಿತಿಯಿಲ್ಲ, ಎಷ್ಟು ಬೇಕಾದರೂ ದುಡಿಯಬಹುದು. ಪಾಪ, ಪುರುಸೊತ್ತಿಲ್ಲ. ಪುರುಸೊತ್ತೇ ಪುರುಸೊತ್ತು ಇರುವುದು ಭಟ್ಟರಿಗೆ. ಮೂರು ಕೆಫೆ, ಒಂದು ಪೆಟ್ರೋಲ್ ಬಂಕ್‌ಗೆ ಅರ್ಜಿ ಹಾಕಿ ಕಾಯುತ್ತಿರುವ ಇವರ ಪಕ್ಷದಲ್ಲಿ 48ಕ್ಕೆ 48 ಗಂಟೆಯೂ ಮುಕ್ಕಾಗದೆ ಉಳಿದಿವೆ.

ಭಾನುವಾರ ಹಾಸನದಿಂದ ಯಾರದೋ ಅಮ್ಮನ ವೀಡಿಯೊ ಕಾಲ್ ಬಂತು. ಮಗ ಶಿಫ್ಟಿಗೆ ಹೋಗಿದ್ದಾನೆ. ಫೋನ್ ಎತ್ತಿಕೊಂಡವರು ಭಟ್ಟರೇ.

"ಏನಪ್ಪಾ, ನಮ್ಮ ಹುಡುಗನಿಗೆ ಕತ್ತೆದುಡಿತವಾ ಅಲ್ಲಿ?"

"ಇಲ್ಲಮ್ಮ. ಲೆಕ್ಕ ಹಾಕಿದ್ರೆ ವಾರಕ್ಕೆ ಇಪ್ಪತ್ನಾಲ್ಕೇ ಗಂಟೆ. ಒಂದು ನಿಮಿಷ ಹೆಚ್ಚಿಗೆ ಹೋಗೋಕೆ ನಾನು ಬಿಡಲ್ಲ."

"ಒಳ್ಳೇದಾಯ್ತು. ಮಿಕ್ಕ ಹೊತ್ತು ಓದ್ಕೊಳ್ತಾನಾ?"

ಭಟ್ಟರು ಫ್ರಿಜ್ ಕಡೆ ಒಮ್ಮೆ ನೋಡಿದರು.

"ಅದು 8202ರಲ್ಲಿ ಬರತ್ತೆ ಅಮ್ಮ. ಬೇರೆ ಷರತ್ತು."