ಕಾರ್ಬೊರೇಟರ್ ಮಾವ

ಕರಾವಳಿಯ ಪ್ರತಿ ಧಕ್ಕೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಸ್ವಂತ ದೋಣಿ ಇರುವುದಿಲ್ಲ. ಇದ್ದರೂ ಅದು ತೆಂಗಿನ ಬುಡದಲ್ಲಿ ಮಗುಚಿಕೊಂಡಿರುತ್ತದೆ. ಆದರೆ ಯಾರದ್ದೇ ಔಟ್‌ಬೋರ್ಡ್ ಇಂಜಿನ್ ಒಮ್ಮೆ ಕೆಮ್ಮಿದರೆ ಸಾಕು, ಲುಂಗಿ ಎತ್ತಿ ಕಟ್ಟಿ, ಸ್ಪ್ಯಾನರ್ ಹಿಡಿದು ಹಾಜರು. ಗಂಗೊಳ್ಳಿಯಲ್ಲಿ ನನ್ನ ಪಾಲಿಗೆ ಒದಗಿದವರು ಕಾರ್ಬೊರೇಟರ್ ಮಾವ. ಇಂಜಿನ್ನಿನ ಕಾಯಿಲೆ ಯಾವುದೇ ಇರಲಿ, ಅವರು ಕೈ ಹಾಕುವುದು ಅಲ್ಲಿಗೇ.

ಮಾವನಿಗೆ ವಿದ್ಯೆ ಇಲ್ಲವೆಂದಲ್ಲ. "ಇಂಜಿನ್ ಕೂಗ್ತಾ ಇತ್ತ್, ದೋಣಿ ಮುಂದೆ ಹೋತಿಲ್ಲ ಅಂದ್ರೆ ಫ್ಯಾನ್ ಕಾಣಿ. ಇಂಜಿನ್ನೇ ಸೋತ್ರೆ ಎಣ್ಣೆ ಕಾಣಿ, ಪ್ಲಗ್ ಕಾಣಿ" ಎಂದು ಹುಡುಗರಿಗೆ ಪಾಠ ಹೇಳುತ್ತಾರೆ. ನೂರಕ್ಕೆ ನೂರು ಸರಿ. ಫ್ಯಾನಿನ ಒಳಗಿನ ರಬ್ಬರ್ ಬುಷ್ ಜಾರಿದರೆ ಇಂಜಿನ್ ಬರೀ ಬೊಬ್ಬೆ ಹೊಡೆಯುತ್ತದೆ. ಸೀಮೆಎಣ್ಣೆಯ ಮಸಿ ಹಿಡಿದು ಒಂದು ಪ್ಲಗ್ ಸತ್ತರೆ ಇಂಜಿನ್ ಅರೆಜೀವ. ತಣಿಸುವ ನೀರು ಹಿಂದಿನ ಸಣ್ಣ ತೂತಿನಿಂದ ಚಿಮ್ಮುತ್ತಿದೆಯೇ ಎಂದು ಬೆರಳಿಟ್ಟು ನೋಡುವುದನ್ನೂ ಕಲಿಸಿದವರು ಇವರೇ. ಸ್ಪ್ಯಾನರ್ ಕೈಗೆ ಬಂದ ಮೇಲೆ ಮಾತ್ರ ಈ ಪಾಠವೆಲ್ಲ ಅಳಿವೆ ದಾಟಿ ಹೋಗಿರುತ್ತದೆ.

ಭಾವನ ನಾಡದೋಣಿಯ ಕಥೆ ಕೇಳಿ. ಪೆಟ್ರೋಲಿನಲ್ಲಿ ಎದ್ದು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುವ ಇಂಜಿನ್. ಹೊಳೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಅಳಿವೆ ದಾಟಿ ವೇಗ ಕೊಟ್ಟ ಸ್ವಲ್ಪ ಹೊತ್ತಿಗೆ ಸೊರಗಿ ಸೊರಗಿ ನಿಲ್ಲುತ್ತಿತ್ತು. "ನಾ ಅವತ್ತೇ ಹೇಳ್ಲಿಲ್ಯಾ ಮಾರಾಯ್ರೆ? ಕಾರ್ಬೊರೇಟರ್ ಬಿಚ್ಚುಕೇ ಬೇಕ್." ಪೇಪರ್ ಹಾಸಿದರು. ಫ್ಲೋಟ್, ಸೂಜಿ, ಜೆಟ್ಟು ಸಾಲಾಗಿ ಕುಳಿತವು. ಜೆಟ್ಟನ್ನು ಬಿಸಿಲಿಗೆ ಹಿಡಿದು ಒಕ್ಕಣ್ಣಲ್ಲಿ ನೋಡಿದರು, ಊದಿದರು, ಮತ್ತೆ ನೋಡಿದರು. ಹೈಸ್ಕೂಲಲ್ಲಿ ವಿಜ್ಞಾನ ಹೇಳುವ ನನಗೆ ಕೊಟ್ಟ ಕೆಲಸ, ಗಾಳಿಗೆ ಪೇಪರ್ ಹಾರದಂತೆ ಅದರ ಮೇಲೆ ಕೂರುವುದು. ಮಧ್ಯಾಹ್ನದ ಗಂಜಿ ತಣ್ಣಗಾಯಿತು. ಜೋಡಿಸಿದ ಮೇಲೆ ಒಂದು ತಿರುಪು ಉಳಿಯಿತು. "ಇದ್ ಕಂಪೆನಿಯವ್ರ್ ಸುಮ್ನೆ ಹಾಕುದ್" ಎಂದು ಕಿಸೆಗೆ ಹಾಕಿಕೊಂಡರು.

ಮತ್ತೆ ಹೊರಟೆವು. ಅಳಿವೆ ದಾಟಿದ್ದೇ ಇಂಜಿನ್ ಮತ್ತೆ ಸೋತಿತು. ಆಗ ಬಲೆ ಎಳೆಯುವ ಹುಡುಗ ಎಣ್ಣೆ ಪೈಪಿನ ನಡುವಿನ ರಬ್ಬರ್ ಉಂಡೆಯನ್ನು ತೋರಿಸಿದ. ಚಪ್ಪಟೆಯಾಗಿತ್ತು. ಅವನು ಟ್ಯಾಂಕಿನ ಮುಚ್ಚಳದ ಮೇಲಿನ ಸಣ್ಣ ತಿರುಪನ್ನು ಸಡಿಲಿಸಿದ. ಟ್ಯಾಂಕು 'ಉಸ್' ಎಂದು ಗಾಳಿ ಎಳೆದುಕೊಂಡಿತು. ಒಳಗೆ ಗಾಳಿ ಹೋಗಲು ದಾರಿಯಿಲ್ಲದೆ, ಎಣ್ಣೆ ಖಾಲಿಯಾದ ಜಾಗ ನಿರ್ವಾತವಾಗಿ, ಪಂಪು ಎಷ್ಟು ಜಗ್ಗಿದರೂ ಎಣ್ಣೆ ಬರುತ್ತಿರಲಿಲ್ಲ. ಉಂಡೆ ಒತ್ತಿ ಹಗ್ಗ ಎಳೆದರೆ ಇಂಜಿನ್ ಗರ್ಜಿಸಿತು. ಮಾವ ತಲೆ ಅಲ್ಲಾಡಿಸಿದರು: "ಕಂಡ್ರ್ಯಾ, ಕಾರ್ಬೊರೇಟರ್ ಕ್ಲೀನ್ ಆದ್ ಮೇಲೆ ಸೌಂಡೇ ಬೇರೆ!"

ಸಮುದ್ರಕ್ಕೆ ನೂಕಬೇಕೆನಿಸಿದ್ದು ನಿಜ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳೆಲ್ಲ ಧಕ್ಕೆಯಲ್ಲಿ ಕಟ್ಟಿಕೊಂಡಿರುವಾಗ, ಕಡಲಿಗಿಳಿಯಲು ಅನುಮತಿ ಇರುವುದು 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗಷ್ಟೇ. ಮಳೆಗಾಲದ ಅಳಿವೆಯಲ್ಲಿ ಇಂಜಿನ್ ಸೋತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ, ಮುಂದಿನದು ಹೇಳುವಂಥದ್ದಲ್ಲ. ಆ ದಿನಗಳಲ್ಲಿ ಹರಿದ ಕೊಡೆ ಹಿಡಿದು ದಡದಲ್ಲಿ ನಿಂತ ಮಾವ, ಶಬ್ದದಲ್ಲೇ ಯಾರ ದೋಣಿ ಎಂದು ಗುರುತಿಸಿ, ಕೊನೆಯದು ಬರುವವರೆಗೂ ಮನೆಗೆ ಹೋಗುವುದಿಲ್ಲ. ಈಗಿನ ಹುಡುಗರು ಇಂಜಿನ್ ಕೆಟ್ಟರೆ ಪೇಟೆಯ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾರೆ. ಅವನು ಬರುವುದು ನಾಳೆ. ಮಾವ ಕರೆಯುವ ಮೊದಲೇ ಬಂದಿರುತ್ತಾರೆ.

ಆದ್ದರಿಂದ ಓದುಗರಲ್ಲಿ ಇಷ್ಟೇ ವಿನಂತಿ: ನಿಮ್ಮ ಇಂಜಿನ್ ಸೊರಗಿದರೆ ಮೊದಲು ಮುಚ್ಚಳದ ತಿರುಪು ಸಡಿಲಿಸಿ, ಉಂಡೆ ಒತ್ತಿ, ಫಿಲ್ಟರಿನಲ್ಲಿ ನೀರು ಸೇರಿದೆಯೇ ನೋಡಿ. ಆಮೇಲೆ ಮಾವನನ್ನು ಕರೆಯಿರಿ. ಚಾ ಕೊಡಿ, ಸ್ಪ್ಯಾನರ್ ಮಾತ್ರ ಕೊಡಬೇಡಿ.